ಒಂದು ಎಕರೆ ರಾಗಿ ಹೊಲ ಸೈಟ್ ಆದಾಗ ನೀರು ಎಲ್ಲಿಗೆ ಹೋಗುತ್ತದೆ?

ಆನೇಕಲ್ ಕಡೆ ನನ್ನ ಸೋದರಮಾವನದು ಒಂದು ಎಕರೆ ಹೊಲ ಇತ್ತು. ಈಗ ಅಲ್ಲಿ ಮನೆಗಳಿವೆ. ಆದರೆ ರಾಗಿ ನಿಂತಿದ್ದು ಮನೆಗಳು ಬಂದಾಗ ಅಲ್ಲ. ಅದಕ್ಕೂ ಮೂರು ವರ್ಷ ಮೊದಲೇ ಬಿತ್ತನೆ ನಿಂತಿತ್ತು. ಬ್ರೋಕರ್ ಬಂದು ಹೋದ ದಿನದಿಂದ ಮಾವ ಹೊಲಕ್ಕೆ ಗೊಬ್ಬರ ಹೊಡೆಸುವುದನ್ನು ಬಿಟ್ಟರು. ಇವತ್ತೋ ನಾಳೆಯೋ ಮಾರುವ ನೆಲಕ್ಕೆ ಯಾರು ಗೊಬ್ಬರ ಹೊಡೆಸುತ್ತಾರೆ? ಹೊಲ ಬೀಳು ಬಿತ್ತು, ಪಾರ್ಥೇನಿಯಂ ಬೆಳೆಯಿತು, ಒಂದು ದಿನ ಬೆಳಿಗ್ಗೆ ಜೆಸಿಬಿ ಬಂತು. ಬೆಂಗಳೂರಿನ ಅಂಚಿನ ಯಾವ ಊರಿಗೆ ಹೋದರೂ ಇಂಥ ಬೀಳು ಹೊಲ ಕಣ್ಣಿಗೆ ಬೀಳುತ್ತದೆ. ಸುತ್ತ ಕಲ್ಲು ಕಂಬ, ತಂತಿ ಬೇಲಿ, 'ಈ ಸ್ವತ್ತು ಮಾರಾಟಕ್ಕಿಲ್ಲ' ಅನ್ನುವ ಬೋರ್ಡು. ನಗರ ಬರುವ ಮೊದಲೇ ಅದರ ವಾಸನೆ ಬಂದು ವ್ಯವಸಾಯವನ್ನು ನಿಲ್ಲಿಸಿಬಿಡುತ್ತದೆ.

ನಗರೀಕರಣ, ಭೂಬಳಕೆ, ಸುಸ್ಥಿರತೆ ಅಂತ ವರದಿಗಳಲ್ಲಿ ದೊಡ್ಡ ದೊಡ್ಡ ಪದಗಳಿರುತ್ತವೆ. ಅವನ್ನೆಲ್ಲ ಪಕ್ಕಕ್ಕಿಟ್ಟು ಈ ಒಂದು ಎಕರೆಯನ್ನೇ ಹಿಡಿದುಕೊಂಡು ಹೋಗೋಣ. ನನಗೆ ಅರ್ಥವಾಗಿರುವುದು ಇಷ್ಟು. ನೆಲ ಸುಮ್ನೆ ಬಿದ್ದಿರುವುದಿಲ್ಲ, ಅದೊಂದು ಕೆಲಸ ಮಾಡುತ್ತಿರುತ್ತದೆ, ಅದೂ ಬಿಟ್ಟಿಯಾಗಿ. ಸೈಟ್ ಆದ ದಿನ ಆ ಕೆಲಸ ನಿಲ್ಲುತ್ತದೆ. ಆಮೇಲೆ ಅದೇ ಕೆಲಸವನ್ನು ನಾವು ಪೈಪು, ಪಂಪು, ಟ್ಯಾಂಕರ್, ಕರೆಂಟು ಅಂತ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತೇವೆ. ಸೈಟಿನ ರೇಟು ಹೇಳುವಾಗ ಈ ದುಡ್ಡನ್ನು ಯಾರೂ ಸೇರಿಸುವುದಿಲ್ಲ.

ಯಾವ ಕೆಲಸ ಅಂತೀರಾ? ಮೊದಲು ಮಳೆಯ ಲೆಕ್ಕ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಬೆಂಗಳೂರಿನ ಸುತ್ತಮುತ್ತ ವರ್ಷಕ್ಕೆ ಹೆಚ್ಚು ಕಡಿಮೆ 970 ಮಿಲಿಮೀಟರ್ ಮಳೆ. ಗುಣಿಸಿ ನೋಡಿದರೆ ಒಂದು ಎಕರೆ ಮೇಲೆ ವರ್ಷಕ್ಕೆ ಸುಮಾರು 39 ಲಕ್ಷ ಲೀಟರ್ ನೀರು ಬೀಳುತ್ತದೆ. ಒಂದೇ ಸಂಜೆ 50 ಮಿಲಿಮೀಟರ್ ಸುರಿದರೆ 2 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ಮೂರು ಲೋಡು! ಉತ್ತ ಹೊಲದಲ್ಲಿ ಇದರಲ್ಲಿ ದೊಡ್ಡ ಪಾಲು ಅಲ್ಲೇ ನಿಲ್ಲುತ್ತದೆ. ಸಾಲಿನಲ್ಲಿ ನಿಲ್ಲುತ್ತದೆ, ಬದುವಿಗೆ ತಾಗಿ ನಿಲ್ಲುತ್ತದೆ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ, ಹುಚ್ಚೆಳ್ಳಿನ ಬುಡದಲ್ಲಿ ಇಂಗುತ್ತದೆ. ಮಿಕ್ಕಿದ್ದು ನಿಧಾನಕ್ಕೆ ಹರಿದು ಹಳ್ಳ ಸೇರಿ ಕೆರೆಗೆ ಹೋಗುತ್ತದೆ. ನಿಧಾನಕ್ಕೆ ಅನ್ನುವುದು ಇಲ್ಲಿ ಮುಖ್ಯ. ಮಳೆ ಒಂದು ಗಂಟೆಯಲ್ಲಿ ಸುರಿದರೂ ಹೊಲ ಅದನ್ನು ದಿನಗಟ್ಟಲೆ ಬಿಡುತ್ತದೆ.

ಈಗ ಅದೇ ಎಕರೆಯಲ್ಲಿ ಲೇಔಟ್ ಮಾಡಿ. ಚಾವಣಿ, ಟಾರು, ಕಾಂಕ್ರೀಟು, ಕಾರು ನಿಲ್ಲಿಸಲು ಹಾಸಿದ ಟೈಲ್ಸು. ಇಂಗಲು ಜಾಗ ಎಲ್ಲಿದೆ? ಆ 2 ಲಕ್ಷ ಲೀಟರಿನಲ್ಲಿ ಬಹುಪಾಲು ಅರ್ಧ ಮುಕ್ಕಾಲು ಗಂಟೆಯಲ್ಲೇ ಮೋರಿಗೆ ನುಗ್ಗುತ್ತದೆ. ಮೋರಿಯ ಅಗಲ ಎರಡು ಅಡಿ. ಅದರಲ್ಲಿ ಅರ್ಧ ಪ್ಲಾಸ್ಟಿಕ್ಕು.

ಕಾಗದದ ಮೇಲೆ ಈ ಬದಲಾವಣೆ ಆಗುವ ರೀತಿಯನ್ನೂ ಒಂದು ಸಲ ನೋಡಬೇಕು, ಯಾಕೆಂದರೆ ಅರ್ಧ ಅನಾಹುತ ಅಲ್ಲೇ ಶುರುವಾಗುವುದು. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ತರಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಆದೇಶ ಬೇಕು. ಜನ ಡಿಸಿ ಕನ್ವರ್ಷನ್ ಅನ್ನುವುದು ಇದಕ್ಕೇ. ಆಮೇಲೆ ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡಬೇಕು, ರಸ್ತೆಗೆ ಇಷ್ಟು, ಪಾರ್ಕಿಗೆ ಇಷ್ಟು ಅಂತ ಬಿಡಿಸಬೇಕು. ಇದೆಲ್ಲ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದರೆ ಅದು ರೆವಿನ್ಯೂ ಸೈಟು. ರೇಟು ಕಡಿಮೆ, ಹಾಗಾಗಿ ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು, ನನ್ನಂಥ ಸಂಬಳದವರು ಕೊಳ್ಳುವುದು ಇದನ್ನೇ. ನಗರದಲ್ಲಿ ಇಂಥ ಎಷ್ಟೋ ಸೈಟುಗಳಿಗೆ ಬಿ ಖಾತಾ ಆಯಿತು (ಕಾಗದ ಸರಿ ಇಲ್ಲದ ಸ್ವತ್ತಿನಿಂದ ತೆರಿಗೆ ವಸೂಲಿಗೆ ಅಂತ ಇಟ್ಟ ಲೆಕ್ಕ ಅದು), ಕಂದಾಯ ಕಟ್ಟಿಸಿಕೊಂಡರು, ಕರೆಂಟು ಬಂತು. ಒಳಚರಂಡಿ ಮಾತ್ರ ಎಷ್ಟೋ ವರ್ಷ ಬರಲಿಲ್ಲ.

ಇನ್ನೊಂದು ಬದಲಾವಣೆ ಆಗಿದ್ದು 2020ರಲ್ಲಿ. ಅಲ್ಲಿಯವರೆಗೆ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಅಡ್ಡ ಇದ್ದವು. ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಿದರು. ಅದಕ್ಕೆ ಮೊದಲೂ ಜನ ಒಳದಾರಿ ಹುಡುಕಿಕೊಂಡೇ ಇದ್ದರು ಅನ್ನಿ. ಈಗ ಮುಂಬಾಗಿಲೇ ತೆರೆದಿದೆ. ಶನಿವಾರ ಭಾನುವಾರ ಬಂದು ಹೋಗುವ ಫಾರ್ಮ್‌ಹೌಸು, ಮಾವಿನ ತೋಟದ ಹೆಸರಿನಲ್ಲಿ ಗೇಟು ಹಾಕಿದ ಫಾರ್ಮ್‌ಲ್ಯಾಂಡು, ಎಲ್ಲವೂ ಪಹಣಿಯಲ್ಲಿ ಇವತ್ತಿಗೂ ಕೃಷಿ ಜಮೀನೇ.

ಪಹಣಿ ಅಂದಾಗ ನೆನಪಾಯಿತು. ಅದರಲ್ಲಿ 'ಖರಾಬು' ಅಂತ ಒಂದು ಸಾಲು ಇರುತ್ತದೆ. ಅ ಖರಾಬು, ಬ ಖರಾಬು. ಅ ಖರಾಬು ಅಂದರೆ ಬಂಡೆ, ಕಲ್ಲು ಇದ್ದು ಉಳಲು ಬಾರದ ಜಾಗ. ಬ ಖರಾಬು ಸಾರ್ವಜನಿಕರದ್ದು, ಅಂದರೆ ಹಳ್ಳ, ಕಾಲುವೆ, ಬಂಡಿ ದಾರಿ. ಮಾವನ ಪಹಣಿಯಲ್ಲಿ ಎರಡು ಗುಂಟೆ ಬ ಖರಾಬು ಇತ್ತು. ನೋಡಲು ಏನೂ ಇಲ್ಲ, ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಒಂದು ಕಿರಿದಾದ ತಗ್ಗು, ಪಕ್ಕದಲ್ಲಿ ಲಂಟಾನ. ಲೇಔಟಿನ ನಕ್ಷೆಯಲ್ಲಿ ಆ ತಗ್ಗೇ ಕಾಣಲಿಲ್ಲ. ಯಾರು ಮುಚ್ಚಿದರು, ಯಾವಾಗ ಮುಚ್ಚಿದರು ಅಂತ ಕೇಳಿದರೆ ಯಾರ ಬಾಯಲ್ಲೂ ಉತ್ತರ ಇಲ್ಲ. ಎರಡು ಗುಂಟೆಗೆ ಒಂದು ಸೈಟು, ಒಂದೂವರೆ ಸೈಟು ಸಿಗುತ್ತದಲ್ಲ, ಬಿಡುತ್ತಾರಾ?

ಸರ್ಕಾರವೇ ಲೇಔಟ್ ಮಾಡಿದರೆ ಲೆಕ್ಕ ಹೇಗಿರುತ್ತದೆ ನೋಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಜಮೀನು ತೆಗೆದುಕೊಂಡಾಗ ಹಣದ ಬದಲು 40:60 ಅನುಪಾತದಲ್ಲಿ ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಪದ್ಧತಿ ಇದೆ. ಎಕರೆಗೆ 9,583 ಚದರ ಅಡಿ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 43,560ರಲ್ಲಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯ ಕಳೆದು ಸೈಟಿಗೆ ಸಿಗುವುದು 55 ಭಾಗ ಅಂತ ಇಟ್ಟುಕೊಂಡರೆ 23,958 ಚದರ ಅಡಿ. ಅದರಲ್ಲಿ ನೂರಕ್ಕೆ 40 ರೈತನಿಗೆ, ಅಂದರೆ 9,583. 30-40 ಅಡಿ ಸೈಟಿನ ಲೆಕ್ಕದಲ್ಲಿ ಹೇಳಿದರೆ ಒಂದು ಎಕರೆಯಲ್ಲಿ ಇಪ್ಪತ್ತು ಸೈಟು, ರೈತನಿಗೆ ಎಂಟು. ಇಪ್ಪತ್ತು ಸೈಟಿನಲ್ಲೂ ನೆಲಮಹಡಿ ಜೊತೆ ಮೂರು ಮಹಡಿ ಎದ್ದು ಬಾಡಿಗೆಗೆ ಹೋದರೆ, ಒಂದು ಕುಟುಂಬಕ್ಕೆ ರಾಗಿ ಕೊಡುತ್ತಿದ್ದ ಎಕರೆಯಲ್ಲಿ ಎಂಬತ್ತು ಕುಟುಂಬ. ಅಷ್ಟೂ ಜನಕ್ಕೆ ನೀರು ಬೇಕು, ಅಷ್ಟೂ ಜನರ ಕೊಳೆನೀರು ಎಲ್ಲಿಗಾದರೂ ಹೋಗಬೇಕು.

ಎಲ್ಲಿಗೆ? ಇಲ್ಲಿ ಬೆಂಗಳೂರಿನ ಭೂಗೋಳ ಗೊತ್ತಿರಬೇಕು. ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಬ್ಬದ ಮೇಲೆ. ದೊಡ್ಡ ನದಿ ಹತ್ತಿರ ಇಲ್ಲ. ದಿಬ್ಬದಿಂದ ನೀರು ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ಇವೆರಡರ ನೀರು ದಕ್ಷಿಣ ಪಿನಾಕಿನಿ ಕಡೆಗೆ. ವೃಷಭಾವತಿ ಕಣಿವೆಯದು ಅರ್ಕಾವತಿ ಸೇರಿ ಕಾವೇರಿಗೆ. ಹಳಬರು ಈ ಇಳಿಜಾರಿಗೆ ಅಡ್ಡಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಸಿಂಗಸಂದ್ರ, ಬೊಮ್ಮಸಂದ್ರ, ಜಕ್ಕಸಂದ್ರ ಅನ್ನುವ ಹೆಸರುಗಳಲ್ಲಿ ಇರುವ 'ಸಂದ್ರ' ಸಮುದ್ರವೇ. ದೊಡ್ಡ ಕೆರೆಗೆ ಜನ ಸಮುದ್ರ ಅಂದರು, ಬಾಯಲ್ಲಿ ಸವೆದು ಸಂದ್ರ ಆಯಿತು.

ಕೆರೆ ಹಾಳಾಯಿತು ಅಂದ ಕೂಡಲೇ ನಾವು ಒತ್ತುವರಿ ಅಂತೀವಿ. ಒತ್ತುವರಿ ನಿಜ, ಆದರೆ ಅದು ಕೊನೆಯ ಅಂಕ. ಕೆರೆಗೆ ಮೇಲೊಂದು ನೆಲ ಇದೆ, ಅಲ್ಲಿಂದ ನೀರು ಬರುತ್ತದೆ. ಕೆಳಗೊಂದು ನೆಲ ಇದೆ, ಅಚ್ಚುಕಟ್ಟು, ಅಲ್ಲಿಗೆ ನೀರು ಹೋಗುತ್ತದೆ. ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರೆಗೆ ಕೆರೆಯ ಮೇಲೆ ಊರಿನ ಕಣ್ಣಿರುತ್ತದೆ. ನೀರುಗಂಟಿ ತೂಬು ತೆಗೆದು ಸರದಿ ಪ್ರಕಾರ ನೀರು ಬಿಡುತ್ತಾನೆ. ಬೇಸಿಗೆಯಲ್ಲಿ ರೈತರು ಕೆರೆಗೋಡು ಹೊತ್ತು ಹೊಲಕ್ಕೆ ಹಾಕುತ್ತಾರೆ, ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ಹೋಯಿತು. ಅಚ್ಚುಕಟ್ಟು ಸೈಟ್ ಆದ ದಿನ ಕೆರೆಯ ನೀರು ಯಾರಿಗೂ ಬೇಡ. ಹೂಳು ಯಾರಿಗೂ ಬೇಡ. ನೀರುಗಂಟಿಗೆ ಕೆಲಸ ಇಲ್ಲ. ಕೆರೆ ಒಂದು ಇಂಚೂ ಒತ್ತುವರಿ ಆಗದೆ ಸತ್ತುಹೋಗುವುದು ಹೀಗೆ. ಆಮೇಲೆ ಮೇಲಿನ ಲೇಔಟಿನವರು ಒಳಚರಂಡಿ ಇಲ್ಲ ಅಂತ ರಾಜಕಾಲುವೆಗೆ ಪೈಪು ಕೊಡುತ್ತಾರೆ, ಕೆರೆ ವರ್ಷಪೂರ್ತಿ ತುಂಬಿರುತ್ತದೆ, ನೋಡಲು ಸಂತೋಷ, ಹತ್ತಿರ ಹೋದರೆ ಮೂಗು ಮುಚ್ಚಬೇಕು.

ಇದು ಇವತ್ತಿನ ಕಥೆಯೂ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಚಲ್ಲಘಟ್ಟ ಕೆರೆಯಲ್ಲಿ ಈಗ ಗಾಲ್ಫ್ ಆಡುತ್ತಾರೆ. ಸಂಪಂಗಿ ಕೆರೆಯದು ಒಂದು ಚೌಕನೆಯ ಕೊಳದಷ್ಟು ಜಾಗ ಉಳಿದಿದೆ, ಕರಗದ ಪೂಜೆಗೆ ಬೇಕೇ ಬೇಕಲ್ಲ ಅಂತ. ದೇವರ ಕೆಲಸಕ್ಕೆ ಬೇಕಿದ್ದಷ್ಟು ಮಾತ್ರ ಉಳಿಯಿತು.

ವೇಗ ಮಾತ್ರ ಹೊಸದು. 1951ರ ಜನಗಣತಿಯಲ್ಲಿ ಬೆಂಗಳೂರು ಎಂಟು ಲಕ್ಷವೂ ಇಲ್ಲದ ಊರು. 2011ರಲ್ಲಿ ಬಿಬಿಎಂಪಿ ವ್ಯಾಪ್ತಿಯಲ್ಲೇ 84 ಲಕ್ಷ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಂದೇ ಏಟಿಗೆ ಸೇರಿಸಿಕೊಂಡರು. ಊರಿನ ವಿಸ್ತೀರ್ಣ ಮೂರು ಪಟ್ಟಾಯಿತು, ಪೈಪು ಮೂರು ಪಟ್ಟಾಗಲಿಲ್ಲ. ಆ 110 ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ನಡುವಿನ ಅಷ್ಟೂ ವರ್ಷ ಆ ಜಾಗಗಳೆಲ್ಲ ನಡೆದದ್ದು ಹೆಚ್ಚಾಗಿ ಬೋರಿನ ಮೇಲೆ, ಟ್ಯಾಂಕರ್ ಮೇಲೆ.

ಬೋರಿಗೆ ನೀರು ಎಲ್ಲಿಂದ ಬರಬೇಕು? ಇಂಗಬೇಕಾದ ನೆಲವನ್ನು ಮುಚ್ಚಿ, ಅದೇ ನೆಲದ ಕೆಳಗಿಂದ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಎತ್ತಿದರೆ? 2024ರ ಮಾರ್ಚಿನಲ್ಲಿ ಉತ್ತರ ಸಿಕ್ಕಿತು. ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಅದಕ್ಕೆ ಸರಿಯಾಗಿ ಒಂದೂವರೆ ವರ್ಷ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಕೋಟಿಗಟ್ಟಲೆಯ ವಿಲ್ಲಾಗಳಿಂದ ದೋಣಿಯಲ್ಲಿ ಜನರನ್ನು ಹೊರಗೆ ತಂದರು. ಆ ಪ್ರವಾಹ, ಈ ಬರ, ಎರಡನ್ನೂ ನಾವು ಬೇರೆ ಬೇರೆ ಸುದ್ದಿ ಅಂತ ಓದಿದೆವು. ನೆಲದ ಕಡೆಯಿಂದ ನೋಡಿದರೆ ಎರಡೂ ಒಂದೇ. ಸೆಪ್ಟೆಂಬರಿನಲ್ಲಿ ಇಂಗದೆ ಓಡಿದ ನೀರೇ ಮಾರ್ಚಿನಲ್ಲಿ ಇಲ್ಲದ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ತಳದಲ್ಲಿರುವುದು ಬೆಳ್ಳಂದೂರು, ವರ್ತೂರು. ನಾವು ಐಟಿ ಕಾರಿಡಾರ್ ಕಟ್ಟಿದ್ದೂ ಅಲ್ಲೇ.

ಕಾವೇರಿ ಇದೆಯಲ್ಲ ಅಂತ ಯಾರಾದರೂ ಹೇಳುತ್ತಾರೆ. ಇದೆ. ಆದರೆ ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಆಗಿ ಬರುವ ನೀರು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಶಾಲೆಯ ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಕರೆಂಟು ಬೇಕು. ಪಂಪಿನ ನಷ್ಟ, ಪೈಪಿನ ತಿಕ್ಕಾಟ ಸೇರಿದರೆ ಇನ್ನೂ ಜಾಸ್ತಿ. ನಾವು ಬಚ್ಚಲಲ್ಲಿ ಒಂದು ಬಕೆಟ್ ಸುರಿದುಕೊಂಡಾಗ ಸ್ವಲ್ಪ ಕರೆಂಟನ್ನೂ ಸುರಿದುಕೊಂಡಿರುತ್ತೇವೆ. ಅದೇ ಚಾವಣಿಯ ಮೇಲೆ, 30-40 ಅಳತೆಯದಾದರೆ, ವರ್ಷಕ್ಕೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ ಮಳೆ ಯಾವ ಪಂಪೂ ಇಲ್ಲದೆ ಬೀಳುತ್ತದೆ, ಮೋರಿಗೆ ಹೋಗುತ್ತದೆ.

ಹಾಗೆ ಬಂದ ನೀರು ಬಳಸಿದ ಮೇಲೆ ಎಲ್ಲಿಗೆ ಅನ್ನುವುದು ನಾವು ಕೇಳುವ ಪ್ರಶ್ನೆಯೇ ಅಲ್ಲ. ವೃಷಭಾವತಿಯಲ್ಲಿ ಹೋಗಿದ್ದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ಅದರ ಅಚ್ಚುಕಟ್ಟಿನಲ್ಲಿ ರೈತರು ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಬಂದರು, ಆ ನೀರಿಗೆ ತಡೆಯುವುದು ಅವೇ. ನಗರ ಅಲ್ಲಿ ಒಂದು ಸೈಟೂ ಕೊಳ್ಳದೆ ಅಲ್ಲಿನ ಭೂಬಳಕೆ ಬದಲಾಯಿಸಿಬಿಟ್ಟಿತ್ತು. ಪೂರ್ವಕ್ಕೆ ಹೋಗಿದ್ದು ಬೆಳ್ಳಂದೂರಿಗೆ. ಸೋಪಿನ ಪುಡಿಯ ಅಂಶ ತುಂಬಿದ ನೀರು ಕೋಡಿಯಲ್ಲಿ ಧುಮುಕುವಾಗ ಕಡೆದ ಹಾಗಾಗಿ ನೊರೆ ಏಳುತ್ತದೆ. ಗಾಳಿಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯುತ್ತಿತ್ತು. 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಕೆರೆಗೇ ಬೆಂಕಿ ಬಿತ್ತು. ಕೆರೆಗೆ ಬೆಂಕಿ! ನನ್ನ ಅಜ್ಜಿ ಇದ್ದಿದ್ದರೆ ಕಲಿಗಾಲ ಅಂತ ಮಾತು ಮುಗಿಸುತ್ತಿದ್ದರು.

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ಕೋಲಾರದವರ ಮಾತು ಎರಡು ಥರ. ಬತ್ತಿದ ಬೋರಿನಲ್ಲಿ ನೀರು ಕಂಡಿತು ಅಂತ ಒಬ್ಬರು, ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಮಾಡಿ ಕೊಡಿ ಅಂತ ಇನ್ನೊಬ್ಬರು. ಇಬ್ಬರದೂ ಸರಿ ಅಂತಲೇ ನನಗನ್ನಿಸುತ್ತದೆ. ಕಾವೇರಿಯ ನೀರು ಬೆಂಗಳೂರಿನ ಬಚ್ಚಲಿನ ಮೂಲಕ ಕೋಲಾರ ಸೇರುತ್ತಿದೆ, ಇದು ಯಾವ ನಕ್ಷೆಯಲ್ಲೂ ಇಲ್ಲದ ನದಿ.

ಕಸದ್ದೂ ಇದೇ ದಾರಿ. ಮಾವಳ್ಳಿಪುರ, ಮಂಡೂರಿನ ಜನ ರಸ್ತೆಗಿಳಿಯುವವರೆಗೆ ನಮ್ಮ ಕಸ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಜಲ್ಲಿ, ಎಂ-ಸ್ಯಾಂಡ್ ಬರುವುದು ಯಾರದೋ ಊರಿನ ಗುಡ್ಡದಿಂದ. ನಗರದ ನಿಜವಾದ ವಿಸ್ತೀರ್ಣ ಅದರ ಗಡಿಯಷ್ಟೇ ಅಲ್ಲ ಅನ್ನುವುದು ಇದಕ್ಕೇ.

ಹಾಗಾದರೆ ಊರು ಬೆಳೆಯಲೇ ಬಾರದಾ? ಹಾಗೆ ಹೇಳುವವರ ಜೊತೆ ನಾನಿಲ್ಲ. ಮಾವನನ್ನು ಒಂದು ಸಲ ಕೇಳಿದ್ದೆ, ಯಾಕೆ ಮಾರಿದಿರಿ ಅಂತ. "ಅಲ್ಲ ಕಣಪ್ಪ, ಒಂದೆಕರೆ ರಾಗಿ ಬೆಳೆದು ಮಗಳ ಮದುವೆ ಮಾಡೋಕಾಗುತ್ತಾ?" ಅಂದರು. ಏನು ಹೇಳುವುದು? ಅಪಾರ್ಟ್‌ಮೆಂಟಿನಲ್ಲಿ ಕೂತು ರೈತ ಜಮೀನು ಮಾರಬಾರದು ಅಂತ ಬರೆಯುವುದು ಸುಲಭ. ಇನ್ನೊಂದು ಕಡೆ, ಮಾರುವುದಿಲ್ಲ ಅಂತ ಕೂತವರೂ ಇದ್ದಾರೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಸ್ವಾಧೀನ ಮಾಡಲು ಹೊರಟಾಗ ರೈತರು ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದರು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಅಲ್ಲಿ ತರಕಾರಿ, ದ್ರಾಕ್ಷಿ, ರೇಷ್ಮೆ ಬೆಳೆದು ನಗರಕ್ಕೆ ಮಾರಿ ಬದುಕುವವರಿದ್ದಾರೆ. ಆದಾಯ ಇರುವ ನೆಲವನ್ನು ರೈತ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ರಾಗಿಯ ಎಕರೆಗೂ ದ್ರಾಕ್ಷಿಯ ಎಕರೆಗೂ ಇರುವ ವ್ಯತ್ಯಾಸ ಇದೇ.

ಹರಡುವುದಕ್ಕಿಂತ ಎತ್ತರಕ್ಕೆ ಕಟ್ಟುವುದು ವಾಸಿ ಅಂತ ಯೋಜನೆ ಮಾಡುವವರು ಹೇಳುತ್ತಾರೆ. ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಉಳಿದ ನೆಲ ನಿಜವಾಗಿ ಮಣ್ಣಾಗಿ ಉಳಿಯಬೇಕು. ನಮ್ಮಲ್ಲಿ ಆಗುವುದು ಏನು? ಗೋಪುರದ ಕೆಳಗೆ ಎರಡು ಮೂರು ಹಂತದ ಪಾರ್ಕಿಂಗಿಗೆ ಅಂತ ಸೈಟಿನ ಉದ್ದಗಲಕ್ಕೂ ಅಗೆಯುತ್ತಾರೆ, ಮೇಲೆ ಅರ್ಧ ಅಡಿ ಮಣ್ಣು ಹಾಕಿ ಹುಲ್ಲುಹಾಸು ಅನ್ನುತ್ತಾರೆ. ಹುಲ್ಲು ಹಸಿರಾಗಿರುತ್ತದೆ, ಅದರ ಕೆಳಗೆ ಕಾಂಕ್ರೀಟ್ ಚಾವಣಿ.

ನೀವು ಸೈಟ್ ಕೊಳ್ಳುವವರಾಗಿದ್ದರೆ ಒಂದು ಕೆಲಸ ಮಾಡಿ. ಮೊಬೈಲಿಗೆ ಸರ್ಕಾರದ ಸರ್ವೆ ನಕ್ಷೆಯ ಆ್ಯಪ್ 'ದಿಶಾಂಕ್' ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆಯಿರಿ. ಸರ್ವೆ ನಂಬರ್ ತೋರಿಸುತ್ತದೆ, ಹಳ್ಳ, ಕೆರೆ ಎಲ್ಲಿತ್ತು ಅನ್ನುವುದೂ ಗೊತ್ತಾಗುತ್ತದೆ. ಹಳೆಯ ಗ್ರಾಮ ನಕ್ಷೆ ತೆಗೆಸಿ. ಪಹಣಿಯಲ್ಲಿ ಬ ಖರಾಬು ಇದ್ದರೆ ಅದು ನೆಲದ ಮೇಲೆ ಎಲ್ಲಿದೆ ಅಂತ ಕೇಳಿ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯಿಂದ 30 ಮೀಟರ್, ರಾಜಕಾಲುವೆಯ ನಡುಮಧ್ಯದಿಂದ ಅದರ ದರ್ಜೆ ಪ್ರಕಾರ 50, 25 ಅಥವಾ 15 ಮೀಟರ್ ಬಿಡಬೇಕಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶ ರದ್ದು ಮಾಡಿ ಮಾಸ್ಟರ್ ಪ್ಲಾನಿನ ಅಳತೆಯೇ ಸಾಕು ಅಂದಿತು. ಮನೆ ಕಟ್ಟಿಯಾಗಿದ್ದರೆ ಒಂದು ಇಂಗುಗುಂಡಿ ತೋಡಿಸಿ. ನಾನು ತೋಡಿಸಿದ್ದೇನೆ. ಅದರಿಂದ ನಗರ ಉದ್ಧಾರವಾಯಿತು ಅಂತ ನಾನೇನೂ ಅಂದುಕೊಂಡಿಲ್ಲ, ಗೇಟಿನ ಮುಂದೆ ನೀರು ನಿಲ್ಲುವುದು ಕಡಿಮೆಯಾಗಿದೆ.

ನಾನು ಸೈಟ್ ಕೊಳ್ಳುವಾಗ ದಿಶಾಂಕ್ ನೋಡಿರಲಿಲ್ಲ. ಕಳೆದ ವರ್ಷ ಸುಮ್ನೆ ಕುತೂಹಲಕ್ಕೆ ಬಾಗಿಲಲ್ಲೇ ನಿಂತು ತೆರೆದೆ. ನಮ್ಮ ಬೀದಿಯ ಕೊನೆಯ ಮನೆಯ ಮೇಲೆ ಹಾದು ಒಂದು ಹಳ್ಳದ ಗೆರೆ ಹೋಗಿದೆ. ಪ್ರತಿ ಮಳೆಗಾಲದಲ್ಲೂ ಅವರ ನೆಲಮಹಡಿಗೆ ಮಾತ್ರ ನೀರು ನುಗ್ಗುವುದು ಯಾಕೆ ಅಂತ ಆವತ್ತು ಗೊತ್ತಾಯಿತು. ಅವರು ಈ ಬಾರಿ ಮಳೆಗೆ ಮುಂಚೆಯೇ ಬಾಗಿಲಿಗೆ ಎರಡು ಅಡಿ ಎತ್ತರದ ಕಟ್ಟೆ ಕಟ್ಟಿಸಿದ್ದರು. ನೀರು ಒಳಗೆ ಬರಲಿಲ್ಲ. ಎದುರುಮನೆಯವರ ನೀರಿನ ಸಂಪಿನೊಳಗೆ ನುಗ್ಗಿತು.